ತುದಿ ಮುಟ್ಟಬಾರದ ತಂತಿ

ದಸರೆಯ ಮುನ್ನಾದಿನ ಮುಂಬಯಿಯ ಲೋಕಲ್ ಗಾಡಿಗಳಿಗೆ ಮದುವೆಮನೆಯ ಕಳೆ ಬರುತ್ತದೆ. ದಿನವೂ ಒಂದೇ ಡಬ್ಬಿಯಲ್ಲಿ ಓಡಾಡುವವರು ಸೇರಿಕೊಂಡು ಬಾಗಿಲಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತಾರೆ, ದೇವಿಯ ಫೋಟೊ ಇಟ್ಟು ಆರತಿ ಎತ್ತುತ್ತಾರೆ, ಪೇಡಾ ಹಂಚುತ್ತಾರೆ. ಹೋದ ದಸರೆಗೆ ನಾನು ಕೆಲಸದ ಮೇಲೆ ಮುಂಬಯಿ ಪಕ್ಕದ ಠಾಣೆ ಊರಿಗೆ ಹೋಗಿದ್ದೆ. ಅಲ್ಲಿಂದ ವಾಶಿಗೆ ಹೋಗುವ ಗಾಡಿಯಲ್ಲಿ, ಹೆಂಗಸರ ಡಬ್ಬಿಯಲ್ಲಿ, ಹೇಗೋ ಒಂದು ಸೀಟು ಗಿಟ್ಟಿಸಿಕೊಂಡು ಕೂತೆ. ಬಿಸಿಲಿಗೆ ಕಾದ ಕಬ್ಬಿಣಕ್ಕೆ ಒತ್ತಿಕೊಂಡ ಚೆಂಡುಹೂವಿನ ವಾಸನೆ ಮೂಗಿಗೆ ಬಡಿಯಿತು. ಅಷ್ಟರಲ್ಲಿ ಎದುರಿಗೆ ನಿಂತಿದ್ದ ಹೆಂಗಸು ಬಗ್ಗಿ ಕೇಳಿದಳು, “ಕುಠೇ ಉತರ್ಣಾರ?”

ಎಲ್ಲಿ ಇಳೀತೀರಿ ಅಂತ. ನಾನು ಎಲ್ಲಿಗೆ ಹೋಗುತ್ತೇನೆ ಎಂಬ ಕುತೂಹಲ ಅವಳಿಗಿರಲಿಲ್ಲ, ನನ್ನ ಸೀಟು ಎಲ್ಲಿ ಖಾಲಿಯಾಗುತ್ತದೆ ಎನ್ನುವುದು ಬೇಕಿತ್ತು. ವಾಶಿ ಅನ್ನಬೇಕಾಗಿದ್ದ ನನ್ನ ಬಾಯಿ, ಅದಕ್ಕಿಂತ ಮೊದಲೇ ಬರುವ, ಹಿಂದೊಮ್ಮೆ ನಾನು ದಿನವೂ ಇಳಿಯುತ್ತಿದ್ದ “ಘಣಸೋಲಿ” ಅಂದುಬಿಟ್ಟಿತು. ಅವಳ ಮುಖ ಅರಳಿತು. ಸೀಟು ಕೊಡುತ್ತೇನೆಂದು ಒಪ್ಪಿಕೊಂಡ ಮೇಲೆ ಆ ಊರಿನಲ್ಲಿ ಮಾತು ತಪ್ಪುವ ಹಾಗಿಲ್ಲ. ಘಣಸೋಲಿಯಲ್ಲಿ ಇಳಿದೆ. ಇಳಿದ ಮೇಲೆ ಕಾಲುಗಳು ತಾವೇ ಮಹಾಪೆಗೆ ಹೋಗುವ ಶೇರ್ ರಿಕ್ಷಾ ಕಡೆ ನಡೆದವು.

ನಾನು ಕೆಲಸ ಮಾಡುತ್ತಿದ್ದ ಶೆಡ್ಡು ಅಲ್ಲೇ ಇದೆ. ಈಗ ಅದು ಯಾರದೋ ಪಾರ್ಸೆಲ್ ಗೋದಾಮು. ಮುಂದಿನ ಶಟರ್‌ಗೆ ಕುಂಕುಮದ ಸ್ವಸ್ತಿಕ ಬರೆದು ಹೂವು ಸಿಕ್ಕಿಸಿದ್ದರು. ನಾನು ಎದುರಿನ ಟಪರಿ ಅಂಗಡಿಯಲ್ಲಿ ಚಹಾ ತಗೊಂಡು, ಅದು ಆರಿ ಕೆನೆಗಟ್ಟುವ ತನಕ ನಿಂತೆ.

ಕೆಲವು ವರ್ಷಗಳ ಹಿಂದಿನ ಮಾತು. ಚಿತ್ರದುರ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳಿಕೊಂಡಿದ್ದವಳು, ಪಾಠ ಸಾಕು, ಕೈಯಾರೆ ಏನಾದರೂ ಅಳೆಯಬೇಕು ಎಂದು ಮನೆಯಲ್ಲಿ ಹಠ ಹಿಡಿದು ಮಹಾಪೆಗೆ ಬಂದಿದ್ದೆ. ಅದೊಂದು ಸಣ್ಣ ಕಂಪನಿ. ಸಣ್ಣ ಉಪಗ್ರಹಗಳನ್ನು ಬಾಹ್ಯಾಕಾಶದಲ್ಲಿ ತಳ್ಳುವ ಅಯಾನ್ ಥ್ರಸ್ಟರ್ ಮಾಡಲು ಹೊರಟಿತ್ತು. ಥ್ರಸ್ಟರ್ ಎಂದರೆ ಬೆಂಕಿ ಉಗುಳುವ ರಾಕೆಟ್ಟನ್ನು ನೆನೆಸಿಕೊಳ್ಳಬೇಡಿ. ಇದು ಅಡುಗೆಮನೆಯ ಸ್ಟೀಲ್ ಡಬ್ಬಿಯಷ್ಟು ದೊಡ್ಡದು. ಒಳಕ್ಕೆ ಕ್ಸೆನಾನ್ ಅನಿಲ ಬಿಟ್ಟು ವಿದ್ಯುತ್ ಹಾಯಿಸಿದರೆ ಅನಿಲದ ಕಣಗಳು ಒಡೆದು ಅದು ಪ್ಲಾಸ್ಮಾ ಆಗುತ್ತದೆ, ತಿಳಿ ನೀಲಿಯಾಗಿ ಹೊಳೆಯುತ್ತದೆ. ಅದರಲ್ಲಿನ ಅಯಾನುಗಳನ್ನು, ಅಂದರೆ ವಿದ್ಯುತ್ತು ಹೊತ್ತ ಕಣಗಳನ್ನು, ತೂತು ತೂತಿನ ಜಾಲರಿಯಿಂದ ಜೋರಾಗಿ ಎಳೆದು ಹೊರಗೆ ಎಸೆದರೆ, ಆ ಒದೆತಕ್ಕೆ ಉಪಗ್ರಹ ಮುಂದೆ ಸರಿಯುತ್ತದೆ. ಒದೆತ ಅಂದರೂ ಅಂಗೈ ಮೇಲಿಟ್ಟ ಕಾಗದದ ಹಾಳೆಯಷ್ಟು ಭಾರ. ಆಕಾಶದಲ್ಲಿ ತಡೆಯುವವರು ಯಾರೂ ಇಲ್ಲವಾದ್ದರಿಂದ ಅಷ್ಟು ಸಾಕು.

ನನ್ನ ಕೆಲಸ ಆ ಡಬ್ಬಿಯೊಳಗಿನ ಪ್ಲಾಸ್ಮಾ ಎಷ್ಟು ದಟ್ಟವಾಗಿದೆ, ಎಷ್ಟು ಬಿಸಿಯಾಗಿದೆ ಎಂದು ಅಳೆಯುವುದು. ಅದಕ್ಕೊಂದು ಪ್ರೋಬ್. ತೆಳ್ಳನೆಯ ಬಿಳಿ ಪಿಂಗಾಣಿ ಕೊಳವೆ, ಅದರ ತುದಿಯಲ್ಲಿ ಕೂದಲೆಳೆಯಂಥ ಟಂಗ್‌ಸ್ಟನ್ ತಂತಿ ಚೂರೇ ಚೂರು ಹೊರಗೆ ಇಣುಕಿರುತ್ತದೆ. ಒಂದು ತೋಳು ಅದನ್ನು ಪ್ಲಾಸ್ಮಾದೊಳಗೆ ಚುಚ್ಚಿ, ಕಣ್ಣು ಮಿಟುಕಿಸುವಷ್ಟರಲ್ಲಿ ವಾಪಸು ಎಳೆದುಕೊಳ್ಳುತ್ತದೆ. ಹೆಚ್ಚು ಹೊತ್ತು ಒಳಗಿದ್ದರೆ ತಂತಿಯೂ ಸುಡುತ್ತದೆ, ಪ್ಲಾಸ್ಮಾದ ಲಯವೂ ಕೆಡುತ್ತದೆ. ಪ್ಲಾಸ್ಮಾಕ್ಕೆ ಹೊರಗಿನವರು ಬಂದರೆ ಆಗುವುದಿಲ್ಲ. ತಂತಿ ಒಳಗೆ ಬಂದ ಕೂಡಲೇ ಅದರ ಸುತ್ತ ಒಂದು ಪೊರೆ ಕಟ್ಟಿ ದೂರ ಇಡುತ್ತದೆ. ನಾವು ಅಳೆಯುವುದೆಲ್ಲ ಆ ಪೊರೆಯಾಚೆಯಿಂದ ತೂರಿ ಬಂದಷ್ಟನ್ನೇ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಆದರೆ ಅರ್ಥವಾಗಿದ್ದು ಡೊಂಬಿವಲಿಯಲ್ಲಿ. ಅಲ್ಲಿ ಉಡುಪಿ ಕಡೆಯ ಸುನಂದಕ್ಕ ಎಂಬುವರ ಮನೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದೆ. ಕನ್ನಡದವರ ಮನೆ ಎಂದು ಖುಷಿಯಿಂದ ಹೋಗಿದ್ದೆನಲ್ಲ, ಮನೆಯೊಳಗೆ ಅವರದು ತುಳು, ಮಕ್ಕಳದು ಮರಾಠಿ. ನಾನು ಕನ್ನಡದಲ್ಲಿ ಏನಾದರೂ ಕೇಳಿದರೆ ಮಕ್ಕಳು ಅರ್ಥ ಮಾಡಿಕೊಂಡು ಮರಾಠಿಯಲ್ಲಿ ಉತ್ತರ ಕೊಟ್ಟು ಓಡುತ್ತಿದ್ದವು. ಸುನಂದಕ್ಕ ಕೆಟ್ಟವರಲ್ಲ. “ಸಾರು ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿ ಊಟ ಮಾಡಿ ಆಯ್ತಾ,” ಎಂದು ಹೇಳಿ ಟಿವಿ ಮುಂದೆ ಹೋಗುವರು. ಒಳಗಿನಿಂದ ಅವರ ನಗು ಕೇಳುತ್ತಿತ್ತು. ನಾನು ಅಡುಗೆಮನೆಯ ಕಟ್ಟೆಯ ಮುಂದೆ ನಿಂತೇ ಊಟ ಮುಗಿಸುತ್ತಿದ್ದೆ. ಗಾಡಿಯಲ್ಲಿ ಹೆಂಗಸರು ಗುಂಪುಕಟ್ಟಿಕೊಂಡು ಹುಟ್ಟುಹಬ್ಬ ಮಾಡುವರು, ಸೊಪ್ಪು ಬಿಡಿಸುವರು, ಹಾಡುವರು. ನನ್ನನ್ನು ಆ ವರ್ಷವಿಡೀ ಅವರು ಕೇಳಿದ್ದು ಒಂದೇ ಮಾತು, ಕುಠೇ ಉತರ್ಣಾರ. ನನಗೆ ಒಂಟಿತನ ಹತ್ತಿತ್ತು. ಬೇರೆ ಚಂದದ ಹೆಸರು ಅದಕ್ಕೆ ಕೊಡಲಾರೆ.

ಮಳೆಗಾಲ ಹಿಡಿದ ಮೇಲೆ ಇನ್ನೂ ಹೆಚ್ಚಾಯಿತು. ಥ್ರಸ್ಟರನ್ನು ಪರೀಕ್ಷಿಸುವುದು ಗಾಳಿ ತೆಗೆದ ದೊಡ್ಡ ಉಕ್ಕಿನ ಚೇಂಬರಿನಲ್ಲಿ. ಅದರ ಬಾಗಿಲು ಒಮ್ಮೆ ತೆರೆದರೆ ಮಹಾಪೆಯ ಮಳೆಯ ತೇವವೆಲ್ಲ ಒಳಗಿನ ಗೋಡೆಗೆ ಅಂಟಿಕೊಳ್ಳುತ್ತದೆ. ಮತ್ತೆ ಮುಚ್ಚಿ ಪಂಪು ಹಾಕಿದರೆ ಆ ತೇವ ಬಿಟ್ಟು ಒತ್ತಡ ಇಳಿಯಲು ಇಡೀ ದಿನ ಬೇಕು. ಅಲ್ಲಿಯತನಕ ಮಾಡಲು ಕೆಲಸವಿಲ್ಲ, ಬಿಟ್ಟು ಹೋಗುವಂತೆಯೂ ಇಲ್ಲ. ತಗಡಿನ ಚಾವಣಿಯ ಮೇಲೆ ಮಳೆ, ಕೆಳಗೆ ಪಂಪಿನ ಗುಂಯ್. ನಾನು ಮೀಟರಿನ ಅಂಕಿ ನೋಡುತ್ತಾ ಕೂರುತ್ತಿದ್ದೆ. ಕನ್ನಡ ಬಾಯಲ್ಲೇ ತುಕ್ಕು ಹಿಡಿಯುತ್ತದೆ ಎನಿಸಿ, ಚೇಂಬರಿನ ಜೊತೆಯೇ ಮಾತಾಡಲು ಶುರುಮಾಡಿದೆ. “ಇಳಿ ಮಾರಾಯ, ಇಳಿ. ನಿನ್ನ ದಮ್ಮಯ್ಯ.”

ಹಾಗೆ ಅಂಗಲಾಚುತ್ತಿದ್ದಾಗ ಒಂದು ದಿನ ಹಿಂದಿನಿಂದ ದನಿ ಬಂತು.

“ಇದರ ಜೋಡಿ ಮಾತಾಡಾಕತ್ತೀರೇನ್ರಿ? ನೀವು ನಮ್ಮ ಕಡಿಯವ್ರೇನು?”

ನೆಲ ಒರೆಸುವ ಕೋಲು ಹಿಡಿದು ನಿಂತವಳು ಮಹಾದೇವಿ. ಹೌಸ್‌ಕೀಪಿಂಗ್ ಕಂತ್ರಾಟುದಾರನ ಕೈಕೆಳಗೆ ಹೊಸದಾಗಿ ಬಂದಿದ್ದಳು. ವಿಜಯಪುರ ಜಿಲ್ಲೆಯವಳು, ಪಕ್ಕದ ರಬಾಳೆಯಲ್ಲಿ ಮನೆ, ಗಂಡ ಲಾರಿಗೆ ಮಾಲು ತುಂಬುವ ಕೆಲಸದವನು. ಅಷ್ಟು ದಿನ ನಾವಿಬ್ಬರೂ ಒಬ್ಬರಿಗೊಬ್ಬರು ಹರಕು ಹಿಂದಿಯಲ್ಲಿ “ಬಾಜೂ ಹೋಜಾವ್”, ಪಕ್ಕಕ್ಕೆ ಸರಿ, ಅಂದುಕೊಂಡು ಓಡಾಡಿದ್ದೆವು. ನಾನು ಚಿತ್ರದುರ್ಗ ಎಂದೆ. ಅವಳು ಅದು ತನ್ನೂರಿನ ಪಕ್ಕದ ಓಣಿ ಎಂಬಂತೆ ತಲೆಯಾಡಿಸಿ, “ಉಂಡ್ರೇನ್ರಿ?” ಎಂದು ಕೇಳಿದಳು. ನಾನು ಉಂಡಿರಲಿಲ್ಲ. ಉಂಡಿಲ್ಲ ಎಂದು ಎರಡೆರಡು ಸಲ ಹೇಳಿದೆ.

ಆಮೇಲೆ ಅವಳು ನನ್ನನ್ನು “ತಂಗಿ” ಅನ್ನತೊಡಗಿದಳು, ನಾನು ಮಹಾದೇವಕ್ಕ ಅಂದೆ. ಸಿಗುತ್ತಿದ್ದುದು ಚಹಾದ ಹೊತ್ತಿನಲ್ಲಿ ಒಂದಿಷ್ಟು ಮಾತು, ಅಷ್ಟೇ. ಪ್ರೋಬನ್ನು ನಾನು ಸಿದ್ಧ ಮಾಡುವುದನ್ನು ಅವಳು ದೂರ ನಿಂತು ನೋಡುವಳು. ಕೈಗೆ ಗ್ಲೌಸ್, ಬಾಯಿಗೆ ಮಾಸ್ಕ್, ಚಪ್ಪಲಿ ಹೊರಗೆ, ಬಿಳಿ ಬಟ್ಟೆಯ ಮೇಲೆ ತಂತಿ. ಬರಿಗೈ ತಗುಲಿದರೆ ಬೆರಳಿನ ಜಿಡ್ಡು ಅಂಟಿ ಅಳತೆ ಕೆಡುತ್ತದೆ.

“ಏನ್ ಮಡೀನವ್ವಾ ಇದರದು! ನಮ್ಮ ಗುಡಿಯಾಗಿನ ಅಯ್ನೋರೂ ಇಷ್ಟು ಮಡಿ ಮಾಡೂದಿಲ್ಲ,” ಎಂದಳು.

“ತುದಿ ಮಾತ್ರ ಮುಟ್ಟಬೇಡ ಅಕ್ಕ. ತುದಿ ಮುಟ್ಟಿದರೆ ನನ್ನ ಕಥೆ ಮುಗೀತು,” ಎಂದೆ.

“ಯಾಕ, ಕೆಲಸಾ ತಗೀತಾರೇನು?”

ಹೌದು ಅಂದೆ. ಅದು ನಿಜವೇ ಆಗಿತ್ತು. ಕಂಪನಿಯ ಮುಖ್ಯಸ್ಥ ಸಾಠೆ ಸರ್ ಮೊದಲೇ ಹೇಳಿದ್ದರು, ದೀಪಾವಳಿಯೊಳಗೆ ನಂಬುವಂಥ ಅಳತೆ ಕೊಟ್ಟರೆ ನಿನ್ನನ್ನು ಕಾಯಂ ಮಾಡುತ್ತೇನೆ, ಇಲ್ಲದಿದ್ದರೆ ಈ ಕೆಲಸ ಹೊರಗಿನವರಿಗೆ ಕೊಡುತ್ತೇನೆ ಎಂದು. ಹಾಗಾದರೆ ನಾನು ಗಂಟುಮೂಟೆ ಕಟ್ಟಬೇಕು. ಕಾಲೇಜಿನವರು ನನ್ನ ಜಾಗಕ್ಕೆ ಆಗಲೇ ಬೇರೆಯವರನ್ನು ತಗೊಂಡಿದ್ದರು. ಮಹಾದೇವಕ್ಕನದು ಇನ್ನೂ ತೆಳುವಾದ ದಾರ. ಅವಳಿಗಿಂತ ಮುಂಚೆ ಇದ್ದವಳು ಒಂದು ಮೀಟರಿನ ವೈರಿನ ಮೇಲೆ ಒದ್ದೆ ಬಟ್ಟೆ ಒಣಹಾಕಿದ್ದಳು ಎಂದು ಕಂತ್ರಾಟುದಾರ ಅವಳನ್ನು ಅದೇ ದಿನ ಗೇಟಿನಿಂದ ಹೊರಗೆ ಹಾಕಿದ್ದ.

ಮಳೆ ಹಿಂದೆಗೆಯಿತು, ದಸರೆ ಬಂತು. ಖಂಡೇನವಮಿಯ ದಿನ ಶೆಡ್ಡಿನಲ್ಲಿ ಯಂತ್ರಗಳ ಪೂಜೆ. ನಾನು ಅದೇ ಬೆಳಿಗ್ಗೆ ಪ್ರೋಬನ್ನು ಚೇಂಬರಿನೊಳಗಿನ ತೋಳಿಗೆ ಕೂರಿಸಿ, ಮೇಲೆ ಫಾಯಿಲ್ ಮುಚ್ಚಿ, ಬಾಗಿಲು ಹಾಕಲು ಹೋದೆ. ಸಾಠೆ ಸರ್ ತಡೆದರು. ದೇವರ ಬಾಗಿಲು ಮುಚ್ಚಿ ಪೂಜೆ ಮಾಡುವುದುಂಟೇ, ತೆರೆದೇ ಇರಲಿ, ಕುಂಕುಮ ಹೊರಗಿನ ಉಕ್ಕಿಗೆ ಹಚ್ಚೋಣ ಎಂದರು. ಡ್ರಿಲ್ಲು, ಪಂಪು, ಲ್ಯಾಪ್‌ಟಾಪು, ಕೊನೆಗೆ ಚಹಾದ ಕೆಟಲ್ಲಿಗೂ ಅರಿಶಿನ ಕುಂಕುಮ ಬಿತ್ತು. ಆರತಿ ಮುಗಿದ ಮೇಲೆ ಎಲ್ಲರೂ ಹಬ್ಬಕ್ಕೆ ಮನೆಗೆ ಹೊರಟರು. ನಾನೂ ಡೊಂಬಿವಲಿಗೆ ಹೋಗಿ, ಬಾಗಿಲು ಹಾಕಿಕೊಂಡು ಮಲಗಿದೆ. ಹೂವು ಗುಡಿಸಲು ಉಳಿದವಳು ಮಹಾದೇವಕ್ಕ.

ಹಬ್ಬ ಮುಗಿಸಿ ಬಂದು ಫಾಯಿಲ್ ತೆಗೆದೆ, ಬಾಗಿಲು ಮುಚ್ಚಿದೆ, ಪಂಪು ಹಾಕಿದೆ. ಒತ್ತಡ ಇಳಿಯಲು ಯಾಕೋ ಸತಾಯಿಸಿತು. ಕೊನೆಗೆ ಇಳಿಯಿತು. ಕ್ಸೆನಾನ್ ಬಿಟ್ಟೆವು. ಗಾಜಿನ ಕಿಂಡಿಯಲ್ಲಿ ತಿಳಿ ನೀಲಿ ಬೆಳಕು ಹೊತ್ತಿಕೊಂಡಾಗ ಸಾಠೆ ಸರ್ ಕೂಡ ಉಸಿರು ಬಿಗಿಹಿಡಿದರು. ಪ್ರೋಬ್ ಒಳಗೆ ಹೋಗಿ ಬಂತು. ಪರದೆಯ ಮೇಲೆ ಗೆರೆ ಮೂಡಿತು.

ಗೆರೆ ತಪ್ಪಾಗಿತ್ತು. ಒಳ್ಳೆಯ ಅಳತೆಯಲ್ಲಿ ಆ ಗೆರೆ ಒಂದು ಕಡೆ ನೆಲದಂತೆ ಚಪ್ಪಟೆಯಾಗಿದ್ದು, ಆಮೇಲೆ ದಿಢೀರನೆ ಏರಬೇಕು. ನಮ್ಮದು ಮೊದಲಿನಿಂದಲೇ ಜಾರುಬಂಡೆಯ ಹಾಗೆ ಇಳಿಜಾರಾಗಿತ್ತು. ಮತ್ತೆ ಮತ್ತೆ ಮಾಡಿದರೂ ಅದೇ. ಕೂದಲೆಳೆಯಷ್ಟು ತಂತಿ ತನ್ನ ಗಾತ್ರಕ್ಕೆ ಮೀರಿ ಬಾಚಿಕೊಳ್ಳುತ್ತಿತ್ತು.

“ಥ್ರಸ್ಟರ್ ಕೆಟ್ಟಿರಬೇಕು, ಇಲ್ಲವೇ ನಿನ್ನ ಪ್ರೋಬ್ ಕೆಟ್ಟಿರಬೇಕು,” ಎಂದರು ಸಾಠೆ ಸರ್ ಇಂಗ್ಲಿಷಿನಲ್ಲಿ. “ಸಿಲಿಂಡರಿನಲ್ಲಿ ಗ್ಯಾಸ್ ತಳ ಮುಟ್ಟಿದೆ, ಸುಮ್ಮನೆ ಕಳೆಯುವಂತಿಲ್ಲ. ತೆರೆದು ನೋಡೋಣ.”

ತೆರೆದೆವು. ಟಾರ್ಚು ಹಾಕಿ ಬಗ್ಗಿದೆ. ಪಿಂಗಾಣಿ ಕೊಳವೆಯ ಕೆಳಮೈಯಲ್ಲಿ, ಮೇಲಿನಿಂದ ನೋಡಿದರೆ ಕಾಣದ ಕಡೆ, ತಂತಿ ಹೊರಗೆ ಬರುವ ಜಾಗಕ್ಕೆ ಒತ್ತಿಕೊಂಡಂತೆ, ಒಂದು ಕರಿ ಕಲೆ. ಸುಟ್ಟು ಇದ್ದಿಲಾಗಿ ತುದಿಯ ತನಕ ಹರಡಿತ್ತು. ಅದರ ಅಂಚಿನಲ್ಲಿ ಮಾತ್ರ, ಪ್ಲಾಸ್ಮಾದ ಕಾವು ತಾಕದ ಕಡೆ, ಕೆಂಪು ಉಳಿದಿತ್ತು. ಕುಂಕುಮ. ಇದ್ದಿಲು ವಿದ್ಯುತ್ತನ್ನು ಹರಿಸುತ್ತದೆ. ಹಾಗಾಗಿ ಕೊಳವೆಯೂ ತಂತಿಯೇ ಆಗಿ ಕೂತಿತ್ತು. ನನಗೆ ಗೆರೆಯ ಅರ್ಥ ಒಮ್ಮೆಗೇ ತಿಳಿಯಿತು.

ಸಾಠೆ ಸರ್ ಕೂಡ ಬಗ್ಗಿ ನೋಡಿದರು. ಅವರ ಕಿವಿ ಕೆಂಪಾಯಿತು. “ಕಿಸ್ನೆ ಲಗಾಯಾ ಯೇ?” ಯಾರು ಹಚ್ಚಿದ್ದು ಎಂದು ಶೆಡ್ಡಿಗೆಲ್ಲ ಕೇಳುವಂತೆ ಕಿರುಚಿದರು.

ಬಾಗಿಲ ಬಳಿ ನೆಲ ಒರೆಸುತ್ತಿದ್ದ ಮಹಾದೇವಕ್ಕ ಕೋಲು ನಿಲ್ಲಿಸಿದಳು. ಸಿಟ್ಟು ಅವಳಿಗೆ ತಿಳಿಯಿತು, ಯಾಕೆಂದು ತಿಳಿಯಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು.

“ನಾನಽ ಹಚ್ಚೀನಿ ತಂಗಿ. ಎಲ್ಲಾಕೂ ಹಚ್ಚ್ಯಾರ, ನಿನ್ನ ತಂತಿಗೊಂದು ಯಾರೂ ಹಚ್ಚಿರಲಿಲ್ಲ. ಖರೇ ಹೇಳ್ತೀನಿ, ತುದಿ ಮುಟ್ಟಿಲ್ಲ. ನಿನ್ನ ಗ್ಲೌಸ್ ಹಾಕ್ಕೊಂಡಽ ಹಚ್ಚೀನಿ.”

ಸಾಠೆ ಸರ್‌ಗೆ ಕನ್ನಡ ಬರುತ್ತಿರಲಿಲ್ಲ. ಅಲ್ಲಿದ್ದ ಯಾರಿಗೂ ಬರುತ್ತಿರಲಿಲ್ಲ. ವರ್ಷವಿಡೀ ಕನ್ನಡದವರು ಸಿಗಲಿಲ್ಲ ಎಂದು ಹಲುಬಿದವಳು ನಾನು, ಆ ಹೊತ್ತಿಗೆ ಮಾತ್ರ ಅಲ್ಲಿ ಮೂರನೆಯ ಕನ್ನಡದ ಕಿವಿ ಇಲ್ಲದ್ದಕ್ಕೆ ದೇವರಿಗೆ ಕೈಮುಗಿದೆ.

“ಏನಂತೆ ಅವಳದು?” ಎಂದರು ಸರ್.

“ಹೂವು ಇನ್ನೂ ಉಳಿದಿದೆ, ಗುಡಿಸಲಾ ಅಂತ ಕೇಳುತ್ತಿದ್ದಾಳೆ,” ಎಂದೆ ಇಂಗ್ಲಿಷಿನಲ್ಲಿ. ಹಿಂದಿಯಲ್ಲಿ ಹೇಳಿದ್ದರೆ ಮಹಾದೇವಕ್ಕನಿಗೆ ಅರ್ಥವಾಗಿ, ಅಲ್ಲ ಅಲ್ಲ ನಾನು ಎಂದು ಎದೆ ತಟ್ಟಿಕೊಂಡು ಬಂದುಬಿಡುತ್ತಿದ್ದಳು. “ಕುಂಕುಮ ಹಚ್ಚಿದ್ದು ನಾನು, ಸರ್. ಇನ್ನೊಂದು ಪ್ರೋಬ್ ತಯಾರಿದೆ. ಒಂದು ಅವಕಾಶ ಕೊಡಿ.”

ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಅದರಲ್ಲಿ ಸಿಟ್ಟು ಕಡಿಮೆಯಿತ್ತು, ಬೇಸರ ಹೆಚ್ಚಿತ್ತು. “ನೀನಾ?” ಎಂದರು. ಆಯಿತು, ಹೊಸದು ಕೂರಿಸು ಎಂದು ಕೈಬೀಸಿದರು. ಹಿಂದೆ ಮಹಾದೇವಕ್ಕ ಒರೆಸುವ ಕೋಲಿನ ಸದ್ದು ಮತ್ತೆ ಶುರುವಾಯಿತು. ಏನೋ ಸಣ್ಣ ಗಲಾಟೆ, ಮುಗಿಯಿತು ಅಂದುಕೊಂಡಿರಬೇಕು.

ಹೊಸ ಪ್ರೋಬ್ ಕೂರಿಸಿ, ಬಾಗಿಲು ಮುಚ್ಚಿ, ಮತ್ತೆ ಪಂಪಿನ ಮುಂದೆ ಕೂತೆ. ಈ ಸಲ “ಇಳಿ ಮಾರಾಯ” ಅನ್ನಲೂ ಧೈರ್ಯ ಬರಲಿಲ್ಲ. ಉಳಿದಿದ್ದ ಗ್ಯಾಸಿನಲ್ಲಿ ನೀಲಿ ಬೆಳಕು ಹೊತ್ತಿತು. ಗೆರೆ ಬಂತು, ಒಂದು ಕಡೆ ನೆಲದಂತೆ ಚಪ್ಪಟೆ, ಆಮೇಲೆ ಚೊಕ್ಕವಾದ ಏರು. ಅಷ್ಟು ಚೆಂದದ ಗೆರೆಯನ್ನು ನಾನು ಅದುವರೆಗೆ ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಸಂತೋಷವಾಯಿತು. ಯಾರಿಗಾದರೂ ಹೇಳಬೇಕು ಎನಿಸಿತು. ಚಿತ್ರದುರ್ಗಕ್ಕೆ ಫೋನು ಮಾಡಿದೆ. ಅಮ್ಮ, “ಗೆರೆ ಬಂತಾ? ಸರಿ, ದೀಪಾವಳಿಗೆ ಬರ್ತೀಯೋ ಇಲ್ವೋ?” ಎಂದಳು.

ಸಾಠೆ ಸರ್ ಕೈ ಕುಲುಕಿದರು. ಅಳತೆ ಚೆನ್ನಾಗಿದೆ ಎಂದು ಎಲ್ಲರೆದುರಿಗೆ ಹೇಳಿದರು. ಮರುದಿನ ಒಳಗೆ ಕರೆದು, ಮೆತ್ತನೆಯ ದನಿಯಲ್ಲಿ, ಮುಂದಿನ ಅಳತೆಯನ್ನೆಲ್ಲ ಹೊರಗಿನ ತಂಡಕ್ಕೆ ಕೊಡುತ್ತಿದ್ದೇವೆ ಎಂದರು. “ನೀನು ಜಾಣೆ. ಆದರೆ ಪ್ರೋಬಿಗೆ ಕುಂಕುಮ ಹಚ್ಚುವವರ ಅಂಕಿಯನ್ನು ಗಿರಾಕಿಯ ಮುಂದೆ ನಾನು ಹೇಗೆ ಇಡಲಿ?” ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅದಕ್ಕೇ ಇನ್ನಷ್ಟು ನೋವಾಯಿತು.

ಸುನಂದಕ್ಕನ ಮನೆಯಲ್ಲಿ ಹೊರಡುತ್ತೇನೆಂದು ಹೇಳಿದಾಗ, “ಅಯ್ಯೋ ಹೌದಾ, ಅಷ್ಟು ಬೇಗವಾ?” ಎಂದು ನಿಜವಾಗಿ ಬೇಜಾರುಪಟ್ಟರು. ಆ ಸಂಜೆ ಮೊದಲ ಸಲ ನನ್ನನ್ನು ಟಿವಿ ಮುಂದೆ ಕೂರಿಸಿಕೊಂಡು ನೀರುದೋಸೆ ಕೊಟ್ಟರು. ಅದನ್ನು ತಿನ್ನುತ್ತಾ, ಈ ಕುರ್ಚಿ ಇಷ್ಟು ದಿನವೂ ಇಲ್ಲೇ ಇತ್ತಲ್ಲ ಅಂದುಕೊಂಡೆ. ಬಹುಶಃ ಪೊರೆಯನ್ನು ಅವರೊಬ್ಬರೇ ಕಟ್ಟಿರಲಿಲ್ಲ.

ಟಪರಿಯ ಚಹಾ ಆರಿಹೋಯಿತು ಎಂದೆನಲ್ಲ, ಅಲ್ಲಿ ನಿಂತು ನಾನು ಗೋದಾಮಿನ ವಾಚ್‌ಮನ್ನನ್ನು ಮಹಾದೇವಿ ಎಂಬ ಹೌಸ್‌ಕೀಪಿಂಗಿನವಳು ಗೊತ್ತೇ ಎಂದು ಕೇಳಿದೆ. ಅವನಿಗೆ ಹಳೆಯ ಕಂಪನಿಯೇ ಗೊತ್ತಿರಲಿಲ್ಲ. ಕಂಪನಿ ಪುಣೆಗೋ ಎಲ್ಲಿಗೋ ಹೋಯಿತಂತೆ. ರಬಾಳೆಯ ಗಲ್ಲಿಗಳಲ್ಲಿ ಹುಡುಕಲು ನನ್ನ ಹತ್ತಿರ ವಿಳಾಸವಿರಲಿಲ್ಲ. ಅವಳ ಗಂಡನ ಹೆಸರನ್ನೂ ನಾನು ಯಾವತ್ತೂ ಕೇಳಿರಲಿಲ್ಲ. ಈಗ ನಾನು ಬೇರೆ ಊರಿನಲ್ಲಿ ಬೇರೆಯವರಿಗೆ ಪ್ರೋಬ್ ಮಾಡಿಕೊಡುತ್ತೇನೆ. ಜೊತೆಯಲ್ಲಿ ಕೆಲಸ ಮಾಡುವವರಿದ್ದಾರೆ, ಒಟ್ಟಿಗೆ ಊಟ ಮಾಡುತ್ತೇವೆ. ಹಬ್ಬದ ದಿನ ಚೇಂಬರಿನ ಬಾಗಿಲಿಗೆ ಬೀಗ ಹಾಕಿಯೇ ಪೂಜೆಗೆ ಬಿಡುತ್ತೇನೆ, ಎಲ್ಲರೂ ನಗುತ್ತಾರೆ.

ಮಹಾಪೆಯ ಕೊನೆಯ ದಿನ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟಾಗ ಮಹಾದೇವಕ್ಕ ಗೇಟಿನ ಬಳಿ ಕಾಯುತ್ತಿದ್ದಳು. ನನ್ನ ಗೆರೆ ಸರಿಬಂದ ಸುದ್ದಿ ಅವಳಿಗೆ ಯಾರೋ ಹೇಳಿದ್ದರು.

“ನಾ ಹಚ್ಚಿದ ಕುಂಕುಮ ಫಲ ಕೊಡ್ತು ನೋಡು ತಂಗಿ, ಹೌದಿಲ್ಲೋ?”

“ಹೌದಕ್ಕ, ಕೊಡ್ತು.”

“ಮತ್ತ ಯಾಕ ಹೊಂಟಿ?”

“ಅಳೆಯೋದು ಮುಗೀತಲ್ಲ, ಅದಕ್ಕೆ.”

ಅವಳು ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. “ಎಲ್ಲಾಕೂ ಹಚ್ಚಿದೆ, ನಿನಗ ಹಚ್ಚೋದಽ ಬಿಟ್ಟೆ ನೋಡು,” ಎಂದು ಸೊಂಟದ ಸಂಚಿಯಿಂದ ಕಾಗದದ ಪೊಟ್ಟಣ ತೆಗೆದಳು. ಆ ವರ್ಷ ಗಾಡಿಯಲ್ಲಿ ನನ್ನನ್ನು ಎಷ್ಟೋ ಜನ ತಳ್ಳಿದ್ದರು, ನೂಕಿದ್ದರು, ಮೇಲೆ ಒರಗಿದ್ದರು. ಯಾರೂ ಮುಟ್ಟಿರಲಿಲ್ಲ. ಅವಳು ಎಡಗೈಯಿಂದ ನನ್ನ ಗದ್ದ ಹಿಡಿದು, ಬಲಗೈಯ ಬೆರಳಿಂದ ಹಣೆಗೆ ಕುಂಕುಮ ಒತ್ತಿದಳು. ಫಿನಾಯಿಲ್ ವಾಸನೆಯ, ನೀರಲ್ಲಿ ನೆನೆದು ಸುಕ್ಕಾದ ಬೆರಳು. ಅದಕ್ಕೆ ಗ್ಲೌಸ್ ಇರಲಿಲ್ಲ.